ಆ ಕರದಂಟು ಯಾರದು?

ಗೋಕಾಕದ ಕರದಂಟು ತಿಂದು ಜೈಲಿಗೆ ಹೋದವರನ್ನು ನೋಡಿದ್ದೀರಾ? ನಾನು ತಿನ್ನದೇ ಹೋದವನನ್ನು ನೋಡಿ ಬಂದಿದ್ದೇನೆ.

ಹೋದ ತಿಂಗಳು ನಮ್ಮೂರ ಆರ್ಕೆಸ್ಟ್ರಾಕ್ಕೆ ಕೊಲ್ಲಿ ದೇಶವೊಂದರಿಂದ ಕರೆ ಬಂತು. ಅಲ್ಲಿನ ಕನ್ನಡಿಗರ ಕಾರ್ಯಕ್ರಮ. ನಾನು ನಿರೂಪಕ (ಬರೆಯುವುದಕ್ಕಿಂತ ಮೈಕ್ ಹಿಡಿಯುವುದೇ ನನಗೆ ಹೆಚ್ಚು ಇಷ್ಟ, ನಿಮಗೆ ಗೊತ್ತೇ ಇದೆ). ಸೌಂಡು, ರೆಕಾರ್ಡಿಂಗು ಮೂಡಲಗಿಯ ಈರಪ್ಪನದು. ಮಿಕ್ಸರ್, ರೆಕಾರ್ಡರ್, ಮೈಕು, ವೈರು ಎಲ್ಲ ಅವನ ಕರಿ ಪೆಟ್ಟಿಗೆಯಲ್ಲಿ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅವನ ಹೆಸರು.

ಆರ್ಕೆಸ್ಟ್ರಾದವರಿಗೆ ಒಂದು ಚಟವಿದೆ. ಹುಕ್ಕೇರಿಯ ಮದುವೆಗೆ ಹೋಗಲಿ, ಘೋಡಗೇರಿಯ ಗಣಪತಿಗೆ ಹೋಗಲಿ, ಸೌಂಡಿನ ಪೆಟ್ಟಿಗೆ ಎಲ್ಲರ ಪೆಟ್ಟಿಗೆ. ಗಾಯಕಿಯ ಸೀರೆ, ತಬಲಾದವನ ಚಪ್ಪಲಿ, ಎಲ್ಲವನ್ನೂ ಅದಕ್ಕೇ ತುರುಕುವುದು. ವಿಮಾನಕ್ಕೂ ಅದೇ ರೂಢಿ. ನನ್ನ ಉಪ್ಪಿನಕಾಯಿಯೂ ಒಳಗೆ ಹೋಯಿತು.

"ಮೈಕಿಗೆ ಎಣ್ಣಿ ಹತ್ತಬಾರ್ದು ನೋಡ್ರಿ ಮತ್ತ," ಎಂದ ಈರಪ್ಪ. ಅಷ್ಟೇ. ಅವನು ಚಹಾಕ್ಕೆ ಹೋದಾಗ ಮಾಲಕರು (ಆರ್ಕೆಸ್ಟ್ರಾ ನಡೆಸುವವರು) ಮೈಕುಗಳ ಪಕ್ಕ ಒಂದು ಡಬ್ಬಿ ಇಟ್ಟರು. ತಂಗಿಯ ಮನೆಯಲ್ಲಿ ಮಾಡಿಸಿದ ಕರದಂಟು, ಸಂಘಟಕರಿಗೆ ಕೊಡಲು. ನಾನು ನೋಡಿದೆ.

ಅಲ್ಲಿ ಇಳಿದ ಕೂಡಲೇ ಪೆಟ್ಟಿಗೆ ತೆರೆಸಿದರು. ರೆಕಾರ್ಡರಿನ ಬಗ್ಗೆ ಕೇಳುತ್ತಾರೆಂದು ಈರಪ್ಪ ರಸೀದಿ ಹಿಡಿದು ನಿಂತಿದ್ದ. ರೆಕಾರ್ಡರ್ ಯಾರಿಗೆ ಬೇಕಾಗಿತ್ತು? ಅಧಿಕಾರಿ ಒಂದು ಕರದಂಟು ಮುರಿದು ಬೆಳಕಿಗೆ ಹಿಡಿದ. ಅಂಟು, ಬೆಲ್ಲ, ಒಣಕೊಬ್ಬರಿ, ಗಸಗಸೆ. ನಮಗದು ಪಾಯಸದ ಸಾಮಾನು. ಆ ದೇಶದ ಕಾನೂನಿಗೆ ಅಫೀಮಿನ ಬೀಜ.

ಪೆಟ್ಟಿಗೆ ಯಾರದು ಎಂದ.

"ನಂದ್ರಿ ಸಾಹೇಬ್ರ," ಎಂದು ಈರಪ್ಪ ಎದೆ ಮುಟ್ಟಿಕೊಂಡ. ಡಬ್ಬಿ ಯಾರದು ಎಂದಾಗ ನಮ್ಮ ಕಡೆ ತಿರುಗಿದ. "ಯಾರದ್ರಿ ಇದು? ಹೇಳ್ರಲಾ!"

ಮಾಲಕರು ಪಾಸ್‌ಪೋರ್ಟ್ ತಿರುವುತ್ತಿದ್ದರು. ಸಾವಿರ ಜನರ ಮುಂದೆ ಪಟಪಟ ಮಾತಾಡುವ ನನ್ನ ಬಾಯಿಗೆ ಬೀಗ ಬಿತ್ತು. ಅವನನ್ನು ಕರೆದುಕೊಂಡು ಹೋದರು.

ಹೋಟೆಲಿನಲ್ಲಿ ಮಾಲಕರು ನನಗೆ ತಿಳಿಹೇಳಿದರು. "ಅಂವ ಹೋದ್ರ ಒಬ್ಬಂವ ಹೋದ. ನಾ ಒಳಗ ಹೋದ್ರ ಇಷ್ಟೂ ಮಂದಿ ಹೊಟ್ಟಿ ಗತಿ ಏನ್ರಿ?" ಆ ಮಾತು ನನಗೆ ಆಗ ಸರಿ ಎನಿಸಿತು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಕಾರ್ಯಕ್ರಮ ನಿಲ್ಲಲಿಲ್ಲ. ಮೈಕು ಬಾಡಿಗೆಗೆ ಬಂದವು. "ನಮ್ಮ ರೆಕಾರ್ಡಿಸ್ಟರಿಗೆ ಹುಷಾರಿಲ್ಲ" ಎಂದು ನಾನೇ ವೇದಿಕೆಯಲ್ಲಿ ಹೇಳಿದೆ. ಬೇಗ ಗುಣವಾಗಲಿ ಎಂದು ಜನ ಚಪ್ಪಾಳೆ ತಟ್ಟಿದರು.

ನಾವು ಮರಳಿ ಬಂದೆವು. ಈರಪ್ಪ ಅಲ್ಲೇ ಇದ್ದಾನೆ. ವಿಚಾರಣೆ ಯಾವಾಗ ಎಂದು ಹೇಳುವವರೇ ಇಲ್ಲ.

ಮೊನ್ನೆ ಮಾಲಕರೂ ನಾನೂ ಮೂಡಲಗಿಗೆ, ಅವನ ಮನೆಗೆ ಹೋಗಿದ್ದೆವು, ಸಮಾಧಾನ ಹೇಳಲು! (ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ಕೇಳಲು ಚೆಂದ. ಮೇಕೆಯ ಮನೆಯಲ್ಲಿ ಕೂತು ಚಹಾ ಕುಡಿದು ನೋಡಿ.) ಅವನ ಹೆಂಡತಿ ಸುವರ್ಣಾ ಚಹಾ ಕೊಟ್ಟಳು. ಸಪ್ಪನೆಯ ಚಹಾ.

"ಸಿಟ್ಟಾಗಬ್ಯಾಡ್ರಿ, ನಮ್ಮ ಮನ್ಯಾಗ ಸಕ್ರಿನ ತರಂಗಿಲ್ಲ. ಅವ್ರಿಗೆ ಶುಗರ್ ಐತಿ, ಸಿಹಿ ಮುಟ್ಟಂಗಿಲ್ಲ," ಎಂದಳು. ಆಮೇಲೆ ನೇರ ನನ್ನನ್ನೇ ನೋಡಿದಳು. "ಅಣ್ಣಾರ, ನೀವು ಬಾಜೂಕ ಇದ್ರಿ. ಖರೆ ಹೇಳ್ರಿ. ಆ ಕರದಂಟು ಯಾರದು?"

ಮಾಲಕರು ಮೊಬೈಲ್ ತೆಗೆದರು. ನಾನು ಚಹಾದ ಬಸಿ ಕೆಳಗಿಟ್ಟು ಎದ್ದು ಬಂದೆ.

ಅಲ್ಲಿ ಬಾಯಿಂದ ಹೊರಡದ ಮಾತನ್ನು ಇಲ್ಲಿ ಬರೆದಿದ್ದೇನೆ, ಸುವರ್ಣಾ ತಂಗಿ. ಆದರೆ ಆ ದೇಶದ ಅಧಿಕಾರಿಗೆ ಕನ್ನಡ ಓದಲು ಬರುತ್ತದೆಯೇ?