ಹಿಂದಕ್ಕೆ ನಡೆದು ಹುರಿ ಹೊಸೆದ ಹನುಮಮ್ಮ

ಹನುಮಮ್ಮ ಎಂದರೆ ನನಗೆ ನೆನಪಾಗುವುದು ನನ್ನಿಂದ ದೂರ ದೂರ ಸರಿಯುತ್ತಿರುವ ಒಂದು ಮುಖ. ನಾನು ರಾಟೆಯ ಚಕ್ರ ತಿರುಗಿಸುವವಳು, ಅವಳು ಹುರಿ ಹೊಸೆಯುವವಳು. ತೆಂಗಿನ ನಾರನ್ನು ಮಡಿಲಲ್ಲಿ ತುಂಬಿಕೊಂಡು, ಅದರ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ನಾನು ಚಕ್ರ ತಿರುಗಿಸಿದಂತೆಲ್ಲ ಬೆರಳಿನಿಂದ ನಾರು ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯುತ್ತಿದ್ದಳು. ಹಿಂದೆ ಏನಿದೆ ಎಂದು ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಹುಣಸೆಮರದ ಬುಡಕ್ಕೆ ಹಿಮ್ಮಡಿ ತಾಕಿತೆಂದರೆ ಆಚೆ ತುದಿ ಬಂತು ಎಂದು ಅರ್ಥ.

ತೊಂಬತ್ತೊಂದರಲ್ಲಿ ಮದುವೆಯಾಗಿ ಅರಸೀಕೆರೆ ತಾಲೂಕಿನ ಗಂಡಸಿ ಪಕ್ಕದ ಈ ಊರಿಗೆ ಬಂದಾಗ ನನಗೆ ತೆಂಗಿನಕಾಯಿ ಮಟ್ಟೆ ಎಂದರೆ ಹಂಡೆ ಒಲೆಗೆ ಹಾಕುವ ಸೌದೆ, ಅಷ್ಟೇ. ಇಲ್ಲಿ ಕಾಯಿ ಸುಲಿದ ಮಟ್ಟೆಯನ್ನು ಕೆರೆಯಂಚಿನ ಗುಂಡಿಯಲ್ಲಿ ತುಂಬಿ, ಗರಿ ಮುಚ್ಚಿ, ಕಲ್ಲು ಹೇರಿ ತಿಂಗಳುಗಟ್ಟಲೆ ಕೊಳೆಸುತ್ತಿದ್ದರು. ಆಮೇಲೆ ತೆಗೆದು ಕೊಡತಿಯಿಂದ ಬಡಿದು, ತೊಳೆದು, ಒಣಗಿಸಿ ನಾರು ಬಿಡಿಸುವುದು. ಆ ವಾಸನೆ ಇದೆಯಲ್ಲ, ಅಪ್ಪಾ! ಮೊದಲ ವಾರ ನನಗೆ ಅನ್ನ ಸೇರಲಿಲ್ಲ. ಹನುಮಮ್ಮ ಬೀದಿಯ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕು. "ಸ್ವಲ್ಪ ದಿನ ಕಳೀಲಿ ಲತಾಮಣಿ, ಈ ವಾಸನೆ ಇಲ್ದಿದ್ರೆ ನಿಂಗೆ ನಿದ್ದೇನೇ ಬರಲ್ಲ ನೋಡು" ಎಂದು ನಕ್ಕಿದ್ದಳು. ಹಾಗೇ ಆಯಿತು. ಈಗಲೂ ಮೂಗು ಆ ವಾಸನೆಗೆ ಹಂಬಲಿಸುತ್ತದೆ ಎಂದರೆ ನನ್ನ ಮಗಳು ಹರ್ಷಿತಾ ಮುಖ ಸಿಂಡರಿಸುತ್ತಾಳೆ. ಸಿಂಡರಿಸಲಿ ಬಿಡಿ, ಅವಳಿಗೇನು ಗೊತ್ತು?

ಹನುಮಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಹುರಿಯ ಕಟ್ಟು ಹೊತ್ತು ಅರಸೀಕೆರೆಗೆ ಬಸ್ ಹತ್ತಿದಾಗ ಯಾರಾದರೂ ಮೂಗು ಮುಚ್ಚಿಕೊಂಡರೆ ಮುಗಿಯಿತು. "ನಾನೇನು ಮಲ್ಲಿಗೆ ಹೂ ಮಾರಕ್ಕೆ ಹೊಂಟಿಲ್ಲ ಕಣಪ್ಪ. ನಿಮ್ಮನೆ ಬಾವಿ ಹಗ್ಗ ಏನು ಆಕಾಶದಿಂದ ಉದುರ್ತಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಅನ್ನುತ್ತಿದ್ದಳು. ಅದೇ ಬಾಯಿ, ನನಗೆ ಬಾಣಂತನದಲ್ಲಿ ಜ್ವರ ಬಂದಾಗ ನಮ್ಮ ಮನೆ ಬಾಗಿಲಲ್ಲಿ ಕೂತು "ನೀನೆದ್ದು ಬರೋಗಂಟ ಆ ಚಕ್ರಾನ ಬೇರೆಯೋರು ಮುಟ್ಟಕೂಡ್ದು" ಎಂದು ಅತ್ತಿತ್ತು. ಅವಳ ಗಂಡ ಕೆಂಚಯ್ಯಮಾವ ಅವಳ ಸಿಟ್ಟಿಗೆ ಹೆದರಿ ಎಮ್ಮೆಯ ಜೊತೆಗೇ ಹೆಚ್ಚು ಹೊತ್ತು ಕಳೆಯುತ್ತಿದ್ದ.

ರಾಟೆಗೆ ಎರಡು ಕೊಕ್ಕೆ, ಹೊಸೆಯುವವರು ಇಬ್ಬರು. ಇನ್ನೊಂದು ಎಳೆ ದೇವೀರಮ್ಮನದು. ದೇವೀರಮ್ಮ ಕೆಂಚಯ್ಯಮಾವನ ತಮ್ಮನ ಹೆಂಡತಿ, ಎಂದರೆ ಹನುಮಮ್ಮನ ಓರಗಿತ್ತಿ. ಇಬ್ಬರೂ ಪಕ್ಕಪಕ್ಕದಲ್ಲಿ ಒಂದೇ ನಡಿಗೆಯಲ್ಲಿ ಹಿಂದಕ್ಕೆ ಹೋಗಬೇಕು. ಒಬ್ಬಳು ಮುಂದಾಗಿ ಇನ್ನೊಬ್ಬಳು ಹಿಂದಾದರೆ, ಒಂದೆಳೆ ದಪ್ಪ ಇನ್ನೊಂದೆಳೆ ಸಣ್ಣಗಾದರೆ, ಕೊನೆಗೆ ಎರಡನ್ನೂ ಸೇರಿಸಿ ತಿರುಚಿದಾಗ ಹುರಿ ಸೊಟ್ಟಗಾಗುತ್ತದೆ. ಇವರಿಬ್ಬರ ಹುರಿಯನ್ನು ಅರಸೀಕೆರೆ ಅಂಗಡಿಯವರು ಮುಟ್ಟಿಯೇ ಗುರುತು ಹಿಡಿಯುತ್ತಿದ್ದರು. ಅಂಥ ಜೋಡಿ ಮಾತು ಬಿಟ್ಟಿತು.

ಕೆರೆಯಂಚಿನಲ್ಲಿ ಇಬ್ಬರ ಗುಂಡಿಗಳೂ ಅಕ್ಕಪಕ್ಕ. ಗುರುತಿಗೆ ಗೂಟ ನೆಟ್ಟು ಬಟ್ಟೆ ಕಟ್ಟುತ್ತಿದ್ದರು. ಹನುಮಮ್ಮನದು ಕೆಂಪು, ದೇವೀರಮ್ಮನದು ಹಸಿರು. ಒಂದು ಬೇಸಿಗೆಯಲ್ಲಿ ಎಮ್ಮೆಗಳು ಕೆಸರಲ್ಲಿ ಹೊರಳಾಡಿ ಗೂಟ ಕೆಡವಿದ್ದವು. ಕಂಡವರು ಯಾರೋ ಪುಣ್ಯಾತ್ಮರು ಮತ್ತೆ ನೆಟ್ಟಿದ್ದರು, ಆದರೆ ಅದಲು ಬದಲು ಮಾಡಿ. ದೇವೀರಮ್ಮ ತನ್ನ ಮಟ್ಟೆ ಹದಕ್ಕೆ ಬಂದಿರಬೇಕು ಎಂದು ಹಸಿರು ಬಟ್ಟೆಯ ಗುಂಡಿ ತೆಗೆಸಿದಳು. ಎಲ್ಲ ದಡಕ್ಕೆ ಎಳೆದು ಹಾಕಿಸಿ ಬಡಿದರೆ ನಾರು ಬಿಡುತ್ತಿಲ್ಲ. ಇದೇನಪ್ಪಾ ಎಂದು ಅವಳು ನೋಡುತ್ತಿರುವಾಗಲೇ ಹನುಮಮ್ಮ ಬಂದಳು. ತಾನು ಗುಂಡಿಗೆ ಹೇರಿದ್ದ ಒಡಕು ಒರಳುಕಲ್ಲು ಪಕ್ಕದಲ್ಲಿ ಬಿದ್ದಿರುವುದು ಕಣ್ಣಿಗೆ ಬಿತ್ತು. ಅರ್ಧ ಕೊಳೆತ ಮಟ್ಟೆ ಬಿಸಿಲು ಕಂಡರೆ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹನುಮಮ್ಮ ಹಿಂದೆಮುಂದೆ ನೋಡಲಿಲ್ಲ. ಮಟ್ಟೆ ಬಡಿಯುತ್ತಿದ್ದ ಅಷ್ಟೂ ಹೆಂಗಸರ ಮುಂದೆ "ಕಳ್ಳೀ!" ಎಂದಳು.

ದೇವೀರಮ್ಮ ಕೊಡತಿ ಕೆಳಗಿಟ್ಟು ಮನೆಗೆ ಹೋದಳು.

ಕೆಂಪು ಬಟ್ಟೆಯ ಗುಂಡಿಯನ್ನು ಹನುಮಮ್ಮ ತೆಗೆಸಿದಾಗ ನಾನೂ ಇದ್ದೆ. ಬೆರಳಿಟ್ಟರೆ ನಾರು ಬಿಡುತ್ತಿತ್ತು, ಅಷ್ಟು ಹದವಾಗಿ ಕೊಳೆತ ಮಟ್ಟೆ. ಅದು ದೇವೀರಮ್ಮನದು ಎಂದು ಕುರುಡರಿಗೂ ಗೊತ್ತಾಗುತ್ತಿತ್ತು. ಕದಿಯುವವಳು ತನ್ನ ಮಾಗಿದ್ದನ್ನು ಬಿಟ್ಟು ಪಕ್ಕದವರ ಹಸಿಯದನ್ನು ಯಾಕೆ ಕದಿಯುತ್ತಾಳೆ? ಹನುಮಮ್ಮ ಗಾಡಿ ಕರೆಸಿದಳು. ಅಷ್ಟೂ ಮಟ್ಟೆಯನ್ನು ಗಾಡಿಗೆ ತುಂಬಿಸಿ ದೇವೀರಮ್ಮನ ಬಾಗಿಲಿಗೆ ಕಳಿಸಿದಳು. ಗಾಡಿಯ ಹಿಂದೆ ನನ್ನನ್ನೂ ಅಟ್ಟಿದಳು. ದೇವೀರಮ್ಮ ಹೊಸ್ತಿಲಲ್ಲೇ ನಿಂತು ನೋಡಿದಳು.

"ಮಟ್ಟೆ ಬಂದೈತೆ. ಮಾತು ಬಂದಿಲ್ಲ. ಹಂಗಂತ ಹೇಳು ನಿಮ್ಮತ್ತೆಗೆ."

ಬಂದು ಹೇಳಿದೆ. ಹನುಮಮ್ಮ "ಹೇಳ್ತೀನಿ, ಹೇಳ್ತೀನಿ" ಎಂದಳು. ಹೇಳಲಿಲ್ಲ. ಬಸ್ಸಿನವರಿಗೆಲ್ಲ ಬಾಯಿ ಮಾಡುವವಳಿಗೆ ತಪ್ಪಾಯ್ತು ಎನ್ನುವ ಒಂದು ಮಾತು ಆಡಲಾಗಲಿಲ್ಲ. ಬಯ್ಯುವುದಕ್ಕೆ ಬಂದ ನಾಲಿಗೆ ಇದಕ್ಕೆ ಯಾಕೆ ಬರುವುದಿಲ್ಲವೋ ನನಗಂತೂ ಗೊತ್ತಿಲ್ಲ.

ಆದರೂ ಇಬ್ಬರೂ ಅದೇ ರಾಟೆಗೆ ಬರುತ್ತಿದ್ದರು. ಹೊಟ್ಟೆ ಕೇಳಬೇಕಲ್ಲ. ಬೇರೆ ಯಾರನ್ನು ಜೋಡಿ ಮಾಡಿದರೂ ಇಬ್ಬರದೂ ಹುರಿ ಕೆಡುತ್ತಿತ್ತು. ಹೆಜ್ಜೆಗೆ ಹೆಜ್ಜೆ ಸೇರಿಸಿಕೊಂಡು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ, ಮುಖ ಊದಿಸಿಕೊಂಡು ಹಿಂದಕ್ಕೆ ನಡೆಯುವರು. ಮಾತೆಲ್ಲ ನನ್ನ ಮೂಲಕ.

"ಲತಾಮಣಿ, ಎಳೆ ಸಣ್ಣ ಆಗ್ತೈತೆ ಅಂತ ಹೇಳು ಅವ್ಳಿಗೆ."

"ಲತಾಮಣಿ, ಅವ್ಳು ಕಾಲು ನೋಡ್ಕಂಡು ಇಡ್ಲಿ ಅಂತ ಹೇಳು."

ಪಕ್ಕದಲ್ಲೇ ಇರುವವಳಿಗೆ, ಅಷ್ಟು ದೂರದಲ್ಲಿ ಚಕ್ರ ತಿರುಗಿಸುತ್ತಿರುವ ನಾನು ಕೂಗಿ ಹೇಳಬೇಕು! ಹೀಗೆ ವರ್ಷಗಟ್ಟಲೆ ನಡೆಯಿತು. ರಟ್ಟೆ ನೋವಿಗಿಂತ ಗಂಟಲು ನೋವೇ ಜಾಸ್ತಿಯಾಗಿತ್ತು. ಆದರೆ ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ದೇವೀರಮ್ಮ ಕೆಮ್ಮಿದ ದಿನ ಹನುಮಮ್ಮ ತನ್ನ ಮಡಿಲಿನ ಬೆಲ್ಲದ ಚೂರನ್ನು ನನ್ನ ಕೈಗಿಟ್ಟು "ನೀನೇ ತಂದಿದ್ದು ಅನ್ನು" ಎಂದು ಪಿಸುಗುಟ್ಟುತ್ತಿದ್ದಳು. ದೇವೀರಮ್ಮ ಅದನ್ನು ಬಾಯಿಗೆ ಹಾಕಿಕೊಂಡು "ಕೊಟ್ಟೋರ್ಗೆ ಹೇಳು, ಬೆಲ್ಲ ಹಳೇದು" ಎನ್ನುವಳು. ಅವಳಿಗೆ ಎಲ್ಲ ಗೊತ್ತಿತ್ತು.

ಎರಡು ಸಾವಿರದ ಒಂದರಲ್ಲಿ ಊರಿಗೆ ಮೋಟಾರ್ ರಾಟೆ ಬಂತು. ಮನೆಗೊಂದರಂತೆ ಕೊಡುತ್ತಾರೆ, ಒಬ್ಬರೇ ಕೂತು ಹೊಸೆಯಬಹುದು, ನಡೆಯುವುದೂ ಬೇಡ, ಚಕ್ರ ತಿರುಗಿಸುವವರೂ ಬೇಡ ಎಂದರು. ಎಲ್ಲರೂ ಹೆಸರು ಬರೆಸಿದರು, ನಾನೂ ಬರೆಸಿದೆ. ದೇವೀರಮ್ಮನೂ ಬರೆಸಿದಳು. ಅವರ ಮನೆ ಆಗಲೇ ರಸ್ತೆಯಾಚೆಯ ಹೊಸ ಕಾಲೋನಿಗೆ ಹೋಗಿತ್ತು. ಇನ್ನು ಅವಳು ಈ ಹುಣಸೆಮರದ ಕಡೆಗೆ ತಲೆ ಹಾಕುವ ಕಾರಣವೇ ಇರಲಿಲ್ಲ. ಹನುಮಮ್ಮ ಮಾತ್ರ ಬರೆಸಲಿಲ್ಲ.

"ಯಾಕತ್ತೆ?" ಎಂದೆ.

"ನಂಗ್ಯಾಕೆ ಬೇಕು ಕರೆಂಟಿಂದು? ಸುಮ್ನಿರು" ಎಂದು ರೇಗಿದಳು. ಆಮೇಲೆ ನಾರು ಬಿಡಿಸುತ್ತಾ ತನಗೆ ತಾನೇ ಹೇಳಿಕೊಂಡಂತೆ, "ರಾಟೆ ಹೋದ್ರೆ ಅವ್ಳೂ ಹೋಯ್ತಾಳೆ" ಎಂದಳು.

ಹಳೆಯ ರಾಟೆಯ ಕೊನೆಯ ದಿನ. ಇಬ್ಬರೂ ಕೊಕ್ಕೆಗೆ ನಾರು ಸಿಕ್ಕಿಸಿದರು, ಹಿಂದಕ್ಕೆ ಹೊರಟರು. ನಡುದಾರಿಯಲ್ಲಿ ಹನುಮಮ್ಮನ ದನಿ ಬಂತು.

"ಲತಾಮಣಿ, ಅವ್ಳಿಗೆ ಹೇಳು. ಕಳ್ಳಿ ಅಂದಿದ್ದು ನನ್ನ ತಪ್ಪು ಅಂತ ಹೇಳು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಕಾದು, ಈ ಮಾತನ್ನೂ ನನ್ನ ಬಾಯಲ್ಲೇ ಆಡಿಸುವುದೇ? "ನಾನ್ ಹೇಳಲ್ಲ ಅತ್ತೆ! ಎಳೆ ದಪ್ಪ, ಎಳೆ ಸಣ್ಣ ಎಲ್ಲ ಹೇಳಾಯ್ತು. ಇದನ್ನ ನೀನೇ ಹೇಳು!" ಎಂದು ಕೂಗಿದೆ. ಚಕ್ರ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಳೆ ತುಂಡಾಗುತ್ತಿತ್ತು.

ಉತ್ತರ ಕೊಟ್ಟವಳು ದೇವೀರಮ್ಮ, ಅದೂ ನನಗೆ. "ಲತಾಮಣಿ, ಅವ್ಳಿಗೆ ಹೇಳು. ಅಂದಿದ್ದು ಕೆರೆತಾವ, ಎಲ್ರ ಮುಂದೆ. ಇಲ್ಲಿ ಮರದ ಕೆಳ್ಗೆ ವಾಪಸ್ ತಗಂಡ್ರೆ ನಂಗೆ ಬ್ಯಾಡ."

ಇಬ್ಬರ ಹಿಮ್ಮಡಿಯೂ ಒಟ್ಟಿಗೇ ಹುಣಸೆಮರಕ್ಕೆ ತಾಕಿತು. ಎಳೆ ಎರಡನ್ನೂ ಸೇರಿಸಿದರು. ಆ ಹುರಿಯಲ್ಲಿ ಒಂದು ಸೊಟ್ಟವೂ ಇರಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ಮಾರನೆಯ ಬೆಳಗ್ಗೆ ಕೆರೆಯಲ್ಲಿ ಮಟ್ಟೆ ಬಡಿಯುವವರ ಸದ್ದು ಜೋರಾಗಿತ್ತು. ದೇವೀರಮ್ಮ ಎಂದಿನಂತೆ ತನ್ನ ಕಲ್ಲಿನ ಮೇಲೆ ಕೂತಿದ್ದಳು. ಹನುಮಮ್ಮ ಕೆರೆಯ ಏರಿ ಇಳಿದು ಬಂದಳು. ಕೈಯಲ್ಲಿ ಕೊಡತಿ ಇರಲಿಲ್ಲ, ಮಟ್ಟೆಯೂ ಇರಲಿಲ್ಲ. ಸೀದಾ ಮೊಣಕಾಲುದ್ದ ನೀರಿಗಿಳಿದು ಎಲ್ಲರಿಗೂ ಕಾಣುವಂತೆ ನಿಂತಳು. ಬಸ್ಸಿನಲ್ಲಿ ಗದರುವ ಅದೇ ಗಂಟಲಲ್ಲಿ ಕೂಗಿದಳು.

"ಕೇಳ್ರವ್ವ ಎಲ್ರೂ! ನಮ್ ದೇವೀರಿ ಕಳ್ಳಿ ಅಲ್ಲ. ಗೂಟ ಬದ್ಲಾಗಿತ್ತು. ಅದು ನಂಗೆ ಅದೇ ವಾರದಾಗೇ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಮುಚ್ಕಂಡಿದ್ದೆ. ತಪ್ಪು ನಂದು."

ಕೊಡತಿಗಳ ಸದ್ದು ಒಂದೊಂದಾಗಿ ನಿಂತಿತು. ದೇವೀರಮ್ಮನ ಕೊಡತಿ ಮಾತ್ರ ನಿಲ್ಲಲಿಲ್ಲ. ತಲೆ ಎತ್ತದೆ ಬಡಿಯುತ್ತಲೇ ಇದ್ದಳು. ಮುಗಿಯಿತು, ಇವಳು ಕರಗುವುದಿಲ್ಲ ಎಂದು ನಾನು ಅಂದುಕೊಂಡೆ. ಹನುಮಮ್ಮ ನೀರಿನಲ್ಲೇ ನಿಂತಿದ್ದಳು. ಎಲ್ಲಿಗೆ ಹೋಗಬೇಕೋ ತಿಳಿಯದವಳ ಹಾಗೆ ಕಾಣುತ್ತಿದ್ದಳು.

ಆಗ ದೇವೀರಮ್ಮ ಕೊಡತಿ ಕೆಳಗಿಟ್ಟಳು. ಮುಖ ನನ್ನ ಕಡೆ ತಿರುಗಿತು. ಅಭ್ಯಾಸ ನೋಡಿ, ನಾನು ಕೂಗಲು ಗಂಟಲು ಸರಿಮಾಡಿಕೊಂಡೆ. ಆದರೆ ಅವಳು ನನಗೆ ಏನೂ ಹೇಳಲಿಲ್ಲ. ಕಲ್ಲಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಅಕ್ಕ," ಎಂದಳು, "ಸೆರಗು ನೀರಿಗೆ ಬಿದ್ದೈತೆ. ಎತ್ಕಂಡು ಬಾ."