ಕೆರೆಯಂಗಳದ ವಿಮಾನ ಮತ್ತು ಒಂಬತ್ತು ಬಾಗಿಲು

1945ರ ಬೇಸಿಗೆಯಲ್ಲಿ ನಾನು ಕೋಲಾರ ಚಿನ್ನದ ಗಣಿಯಲ್ಲಿ ಟಿಂಬರ್ ಮೇಸ್ತ್ರಿಯಾಗಿದ್ದೆ. ಸುರಂಗದ ಮೇಲ್ಭಾಗ ಕುಸಿಯದಂತೆ ಮರದ ಕಂಬ, ತೊಲೆಗಳ ಆಸರೆ ಕೊಡುವುದು ನನ್ನ ಕೆಲಸ. ಜೊತೆಗೆ ಉರಿಗಾಂನಲ್ಲಿದ್ದ ರೆಸ್ಕ್ಯೂ ತಂಡದ ಆರು ಜನರಲ್ಲಿ ನಾನೂ ಒಬ್ಬ. ಆಳದಲ್ಲಿ ಬಂಡೆಯು ಮೇಲಿನ ಭಾರ ತಾಳಲಾರದೆ ಸಿಡಿಯುವುದಕ್ಕೆ ನಾವು ಏರ್ ಬ್ಲಾಸ್ಟ್ ಅನ್ನುತ್ತಿದ್ದೆವು. ಹಾಗೆ ಸಿಡಿದಾಗ ಕೆಳಗಿಳಿದು ಸಿಕ್ಕಿಕೊಂಡವರನ್ನು ಹೊರತರಬೇಕು. ನನ್ನ ವೃತ್ತಿಯಲ್ಲಿ ಮಾಡಿದ ಅಂಥ ಕೆಲಸವೆಲ್ಲ ನೆಲದಡಿಯ ಕತ್ತಲಲ್ಲಿ ನಡೆದದ್ದು, ಒಂದನ್ನು ಬಿಟ್ಟು.

ಅಂದು ಬೆಳಿಗ್ಗೆ ಒಂಬತ್ತೂವರೆಗೆ ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಿಂದ ಗಣಿಗೆ ಟೆಲಿಫೋನ್ ಬಂತು. ಅಲ್ಲಿಂದ ಎರಡು ಮೈಲಿ ದೂರದ ಒಂದು ಹಳ್ಳಿಯ ಕೆರೆಯಂಗಳದಲ್ಲಿ ವಿಮಾನ ಬಿದ್ದಿದೆ, ಒಬ್ಬ ಮನುಷ್ಯ ಒಳಗೆ ಸಿಕ್ಕಿಕೊಂಡಿದ್ದಾನೆ ಎಂದು. ನಮ್ಮ ರೆಸ್ಕ್ಯೂ ಸೂಪರಿಂಟೆಂಡೆಂಟರು ಬೆಂಗಳೂರಿಗೆ ಹೋಗಿದ್ದರು. ಅವರಿಲ್ಲದಾಗ ತಂಡ ನನ್ನ ಮಾತಿನಲ್ಲಿ ನಡೆಯಬೇಕು. ಲಾರಿಗೆ ಮರದ ತುಂಡುಗಳು, ಜಾಕ್‌ಗಳು, ಹಗ್ಗ, ಸ್ಟ್ರೆಚರ್ ತುಂಬಿಸಿ ಹೊರಟೆವು. ದಾರಿಯುದ್ದಕ್ಕೂ ನನ್ನ ಜೊತೆಗಾರ ಆರೋಗ್ಯಂ ಒಂದೇ ಮಾತು ಕೇಳುತ್ತಿದ್ದ. ಅವನು ಆಂಡರ್ಸನ್‌ಪೇಟೆಯವನು, ತಮಿಳು ಮನೆಮಾತು.

"ಮೇಸ್ತ್ರಿ, ವಿಮಾನಂನಾ ಎಷ್ಟು ತೂಕ ಇರುತ್ತೆ?"

"ನಂಗೇನು ಗೊತ್ತಪ್ಪ. ನಾನು ಕೆಳಗಿಂದ ನೋಡಿರೋದು, ಅಷ್ಟೇ."

ಯುದ್ಧದ ಆ ವರ್ಷಗಳಲ್ಲಿ ನಮ್ಮ ತಲೆಯ ಮೇಲೆ ವಿಮಾನಗಳು ಓಡಾಡುತ್ತಿದ್ದದ್ದು ನಿಜ. ಹತ್ತಿರದಿಂದ ಒಂದನ್ನೂ ಕಂಡಿರಲಿಲ್ಲ.

ಅದು ಎರಡು ಎಂಜಿನ್‌ಗಳ, ಸಾಮಾನು ಸಾಗಿಸುವ ಹಳೆಯ ವಿಮಾನ. ಮದ್ರಾಸಿನಿಂದ ಬೆಂಗಳೂರಿಗೆ ಬಿಡಿಭಾಗಗಳ ಪೆಟ್ಟಿಗೆಗಳನ್ನು ಒಯ್ಯುತ್ತಿತ್ತು. ಎಡಗಡೆಯ ಎಂಜಿನ್ನಿನ ಎಣ್ಣೆ ಕೊಳವೆ ಒಡೆದು ಆ ಕಡೆಯ ಪ್ರೊಪೆಲ್ಲರ್ ನಿಂತುಹೋಗಿತ್ತು. ಉಳಿದ ಒಂದು ಎಂಜಿನ್ ಅಷ್ಟು ಭಾರ ಎಳೆಯದೆ ವಿಮಾನ ಇಳಿಯುತ್ತಾ ಬಂದಾಗ, ಪೈಲಟ್ ಒಣಗಿದ ಕೆರೆಯಂಗಳ ಕಂಡು ಹೊಟ್ಟೆಯ ಮೇಲೆ ಜಾರಿಸಿ ಇಳಿಸಿದ್ದ. ಇಳಿಸಿದ್ದು ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಎಡ ರೆಕ್ಕೆ ಒಂದು ದಿಬ್ಬಕ್ಕೆ ತಗುಲಿ, ಬುಡದಲ್ಲಿ ಮುರಿದು, ಇಡೀ ಒಡಲು ಎಡಕ್ಕೆ ವಾಲಿ ನೆಲದಲ್ಲಿ ಹೂತು ಕೂತುಬಿಟ್ಟಿತ್ತು. ನಾಲ್ವರಲ್ಲಿ ಮೂವರು ಹೊರಬಂದಿದ್ದರು.

ವಿಮಾನ ಬೀಳುವುದನ್ನು ಮೊದಲು ಕಂಡವಳು ಮುನಿಯಮ್ಮ ಎಂಬ ಹೆಂಗಸು. ನಲವತ್ತು ದಾಟಿದವಳು, ಕೆರೆಯಂಗಳದಲ್ಲಿ ಎಮ್ಮೆ ಮೇಯಿಸುತ್ತಿದ್ದಳು. ನಾವು ಲಾರಿಯಿಂದ ಇಳಿಯುತ್ತಿದ್ದಂತೆ ಎದುರಿಗೆ ಬಂದು ನಿಂತಳು.

"ಒಳ್ಗೆ ಒಬ್ಬ ಅವ್ನೆ ಕಣಣ್ಣ. ಉಸ್ರಾಡ್ತಾವ್ನೆ. ನೀರು ಕುಡ್ಸಿವ್ನಿ. ತೆಲುಗು ಮಾತಾಡ್ತಾನೆ, ನಮ್ಮೋನಂಗೇ ಅವ್ನೆ."

ಪೈಲಟ್ ಇಂಗ್ಲಿಷರವನು. ಹಣೆಯಲ್ಲಿ ರಕ್ತ, ಒಂದು ತೋಳು ಮುರಿದು ಜೋತಾಡುತ್ತಿತ್ತು. ಅವನು ನಮ್ಮ ಲಾರಿಯನ್ನು ನೋಡಿದ್ದೇ ತಡ, ಹಗ್ಗವನ್ನು ಬಾಲಕ್ಕೆ ಕಟ್ಟಿ ಎಳೆಸಿ, ಹತ್ತು ನಿಮಿಷದ ಕೆಲಸ ಎಂದ. ಬಲ ರೆಕ್ಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಒಂದು ಕಿಡಿ ಸಾಕು, ಬೇಗ ಮಾಡಿ ಎನ್ನುವುದು ಅವನ ಆತಂಕ. ಬಂಗಾರಪೇಟೆಯ ಡಿಸ್ಪೆನ್ಸರಿಯಿಂದ ಬಂದಿದ್ದ ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು: "ಬಲಗಾಲು ತೊಡೆಯ ಹತ್ತಿರ ಒತ್ತಿಹೋಗಿದೆ. ಒಂದು ಗಂಟೆಯೊಳಗೆ ಬಿಡಿಸದಿದ್ದರೆ ನಾನು ಇಲ್ಲೇ ಕತ್ತರಿಸಬೇಕಾಗುತ್ತೆ."

ಆಗ ಸಮಯ ಹತ್ತೂ ಮುಕ್ಕಾಲು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ವಿಮಾನದ ಬಗ್ಗೆ ಏನೂ ಗೊತ್ತಿಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಲಾರಿಯಿಂದ ಎಳೆಸಲೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಆ ಮನುಷ್ಯನನ್ನು ಒಮ್ಮೆ ನೋಡಬೇಕು ಅನ್ನಿಸಿತು. ಹರಿದ ತಗಡಿನ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದೆ.

ಅವನ ಹೆಸರು ವೆಂಕಟರತ್ನಂ. ವಿಮಾನದ ಮೆಕ್ಯಾನಿಕ್, ವಿಶಾಖಪಟ್ಟಣದ ಕಡೆಯವನು, ನನ್ನದೇ ವಯಸ್ಸು. ತಳದ ತಗಡು ಹರಿದು, ಅವನ ಬಲಗಾಲು ವಿಮಾನದ ಒಡಲಿಗೂ ಕೆರೆಯ ಮಣ್ಣಿಗೂ ನಡುವೆ ಸಿಕ್ಕಿಕೊಂಡಿತ್ತು. ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ನೆಟ್ಟಗಿತ್ತು. ನಮ್ಮ ಸೀಮೆಯಲ್ಲಿ ತೆಲುಗು ಬರದವರು ಯಾರು. ನಾನು ತೆಲುಗಿನಲ್ಲೇ, ಲಾರಿ ಕಟ್ಟಿ ಎಳೆಯಲು ಹೇಳುತ್ತಿದ್ದಾರೆ, ಎಳೆಯಲಾ ಎಂದು ಕೇಳಿದೆ.

"ಲಾಗೊದ್ದು ಅನ್ನಾ," ಎಂದ. ಎಳೆಯಬೇಡ ಅಣ್ಣ. ಆಮೇಲೆ ಸಾವಕಾಶವಾಗಿ ವಿವರಿಸಿದ. ಬಲ ರೆಕ್ಕೆ ಗಾಳಿಯಲ್ಲಿದೆ, ಎಳೆದರೆ ಒಡಲು ಇನ್ನಷ್ಟು ಎಡಕ್ಕೆ ಉರುಳಿ ತನ್ನ ಮೇಲೇ ಬರುತ್ತದೆ. ಜಾಕ್ ಕೊಟ್ಟು ಎತ್ತಿದರೂ ಅಷ್ಟೇ, ಹೊರಗಿನ ತಗಡು ತೆಳು ರೇಕು, ಕಾಗದದಂತೆ ಹರಿಯುತ್ತದೆ. ರೆಕ್ಕೆಯಿಂದ ರೆಕ್ಕೆಗೆ ಹೊಟ್ಟೆಯಡಿ ಹಾದುಹೋಗುವ ಒಂದು ದಪ್ಪ ತೊಲೆ ಇದೆ, ಅದೊಂದೇ ಭಾರ ಹೊರುವುದು. ಅದು ತನ್ನ ಮೊಣಕಾಲಿನಿಂದ ಎರಡು ಗೇಣು ಮುಂದಿದೆ.

"ಈ ಮೆಷಿನ್ನಿನ ಮೈ ನನಗೆ ನನ್ನ ಮೈಗಿಂತ ಚೆನ್ನಾಗಿ ಗೊತ್ತು," ಎಂದ. "ಮುದುಕಿ. ಅರ್ಧ ತೇಪೆ ನಾನೇ ಹಾಕಿದ್ದು."

ಅವನ ಮಾತು ಕೇಳುತ್ತಾ ನನ್ನ ತಲೆ ತಿಳಿಯಾಯಿತು. ಇದು ನನಗೆ ಗೊತ್ತಿರುವ ಕೆಲಸವೇ. ಮೇಲಿನದು ಬಂಡೆಯಾದರೇನು, ವಿಮಾನವಾದರೇನು. ಭಾರವನ್ನು ಎತ್ತುವ ಬದಲು ಇದ್ದಲ್ಲೇ ನಿಲ್ಲಿಸಿ, ಮನುಷ್ಯನ ಕೆಳಗಿನ ನೆಲವನ್ನು ತೆಗೆಯಬಹುದು.

ಹೊರಗೆ ಬಂದು ಪೈಲಟ್‌ಗೆ ನನ್ನ ಹರಕು ಇಂಗ್ಲಿಷಿನಲ್ಲಿ, ಎಳೆಯುವುದಿಲ್ಲ, ಅಗೆಯುತ್ತೇವೆ ಎಂದೆ. ಅವನಿಗೆ ಕೋಪ ಬಂತು. ನೀನು ಯಾರು ಎಂದು ಕೇಳಿದ. ನಾನು ಗಣಿಯ ಮೇಸ್ತ್ರಿ, ಇದನ್ನು ಹೇಳಿದ್ದು ನಿಮ್ಮ ಮೆಕ್ಯಾನಿಕ್ ಎಂದೆ. ನಾನು ಒಳಗಿದ್ದಾಗ ಬಾಲಕ್ಕೆ ಕಟ್ಟಿಸಿದ್ದ ಹಗ್ಗವನ್ನು ಅವನು ಒಳ್ಳೆಯ ತೋಳಿನಿಂದ ತಾನೇ ಬಿಚ್ಚಿ ಎಸೆದ.

ತೊಲೆಯ ಎರಡು ಬದಿಗೂ ಚಾಕ್ ಕಟ್ಟಬೇಕಿತ್ತು. ಚಾಕ್ ಎಂದರೆ ಮರದ ತುಂಡುಗಳನ್ನು ಅಡ್ಡಡ್ಡಲಾಗಿ ಒಂದರ ಮೇಲೊಂದು ಪೇರಿಸಿದ ಚೌಕ ಕಂಬ. ಗಣಿಯಲ್ಲಿ ಅದರ ಬುಡ ಕಲ್ಲಿನ ಮೇಲೆ ನಿಲ್ಲುತ್ತದೆ. ಇಲ್ಲಿ ಆರೋಗ್ಯಂ ಒಂದು ತುಂಡನ್ನು ಇಟ್ಟು ಹತ್ತಿ ನಿಂತ, ಅದು ಮೆಲ್ಲಗೆ ಇಳಿಯಿತು. ಮೇಲೆ ಒಂದಡಿ ಒಣಗಿ ಬಿರಿದ ಹೆಂಟೆ, ಕೆಳಗೆಲ್ಲ ಹಸಿ ಜೇಡಿ.

"ಕೆಳಗೆಲ್ಲಾ ಈರಂ ಮೇಸ್ತ್ರಿ," ಎಂದ. "ನಿಲ್ಲಾದು. ಅಗಲ ಪಲಗೈ ಬೇಕು."

ಅಗಲವಾದ ಹಲಗೆ ನಮ್ಮ ಬಳಿ ಇರಲಿಲ್ಲ. ಗಣಿಗೆ ಹೋಗಿ ತರಲು ಗಂಟೆ ಸಾಲದು. ನಾನು ಯೋಚಿಸುತ್ತಾ ನಿಂತಿದ್ದಾಗ ಮುನಿಯಮ್ಮ ಕೇಳಿದಳು.

"ಏನ್ ಬೇಕಣ್ಣ?"

"ಹಲಗೆ ಕಣಮ್ಮ. ಅಗಲವಾಗಿರ್ಬೇಕು, ಗಟ್ಟಿಯಾಗಿರ್ಬೇಕು."

"ಬಾಗ್ಲಾದ್ರೆ ಆಯ್ತದಾ?"

ನಾನು ಉತ್ತರ ಕೊಡುವ ಮೊದಲೇ ಅವಳು ಕೆರೆಯ ಏರಿ ಹತ್ತಿ ಊರಿನ ಕಡೆ ಓಡಿದ್ದಳು. ಇಪ್ಪತ್ತು ನಿಮಿಷದಲ್ಲಿ ಊರಿನ ಜನ ಬಾಗಿಲುಗಳನ್ನು ತಲೆಯ ಮೇಲೆ ಹೊತ್ತು ಏರಿಯಿಂದ ಇಳಿದು ಬಂದರು. ಮೊದಲನೆಯದು ಅವಳ ಮನೆಯದೇ, ಅರಿಶಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಒಟ್ಟು ಒಂಬತ್ತು ಬಂದವು. ಊರಿನ ಒಲೆಗಳನ್ನೆಲ್ಲ ಆರಿಸಬೇಕು, ಈ ಕಡೆ ಯಾರೂ ಬೀಡಿ ಹಚ್ಚಬಾರದು ಎಂದು ನಾನು ಕೇಳಿಕೊಂಡೆ. ಹೆಂಗಸರು ವಾಪಸು ಓಡಿ ಒಲೆಗಳಿಗೆ ನೀರು ಸುರಿದರು. ಅಂದು ಆ ಊರಿನಲ್ಲಿ ಮಧ್ಯಾಹ್ನದ ಮುದ್ದೆ ಬೇಯಲಿಲ್ಲ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದ ಜಾಗಕ್ಕೆ ಗಂಡಸರು ಮಂಕರಿಗಳಲ್ಲಿ ಮಣ್ಣು ತಂದು ಸುರಿಯುತ್ತಲೇ ಇದ್ದರು.

ಬಾಗಿಲುಗಳನ್ನು ಎರಡೆರಡು ಜೋಡಿಸಿ ಹಾಸಿ, ಮೇಲೆ ಚಾಕ್ ಪೇರಿಸಿದೆವು. ನಾನು ಒಳಗೆ ವೆಂಕಟರತ್ನಂ ಪಕ್ಕದಲ್ಲಿ ಮಲಗಿ, ಅವನು ಹೇಳಿದ್ದನ್ನು ಹೊರಗೆ ಕೂಗಿ ಹೇಳುತ್ತಿದ್ದೆ. ಎರಡನೆಯ ಚಾಕಿನ ಮೇಲ್ತುಂಡನ್ನು ಬಿಗಿಯುವಾಗ ಅವನು ನನ್ನ ಮಣಿಕಟ್ಟು ಹಿಡಿದ. ಮರದ ಸುತ್ತಿಗೆಯ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಟ್ಟು ಕೇಳಿದ್ದ.

"ಅಲ್ಲಿ ಬೇಡ. ಅಲ್ಲಿ ನನ್ನ ತೇಪೆ ಇದೆ. ಒಳಗೆ ತೊಲೆ ಬಿರಿದಿತ್ತು, ಮೇಲೆ ಪಟ್ಟಿ ಹೊಡೆದಿದ್ದೀನಿ. ಒಂದು ಮೊಳ ಬಲಕ್ಕೆ ಹೋಗಿ."

ಹೊರಗಿನಿಂದ ನೋಡುವವರಿಗೆ ಅದೂ ಗಟ್ಟಿ ತೊಲೆಯಂತೆಯೇ ಕಾಣುತ್ತಿತ್ತು. ಆರೋಗ್ಯಂ ಇಡೀ ಚಾಕನ್ನು ಬಿಚ್ಚಿ, ಒಂದು ಮೊಳ ಸರಿಸಿ ಮತ್ತೆ ಕಟ್ಟಿದ. ಹತ್ತು ನಿಮಿಷ ಹೋಯಿತು. ಡಾಕ್ಟರರು ಗಡಿಯಾರ ನೋಡುವುದನ್ನು ಬಿಟ್ಟು ಗರಗಸದ ಪೆಟ್ಟಿಗೆಯನ್ನು ತೆರೆದಿಟ್ಟುಕೊಂಡಿದ್ದರು.

ಆಮೇಲೆ ಅಗೆತ. ಕಬ್ಬಿಣ ತಗುಲಿ ಕಿಡಿ ಏಳಬಾರದೆಂದು ಗುದ್ದಲಿ ಮುಟ್ಟಲಿಲ್ಲ. ಕೈಯಿಂದ, ತೆಂಗಿನ ಚಿಪ್ಪಿನಿಂದ ಅವನ ತೊಡೆಯ ಕೆಳಗಿನ ಜೇಡಿಯನ್ನು ಕೆರೆದು ಕೆರೆದು ಹಿಂದಕ್ಕೆ ದಾಟಿಸಿದೆ. ಒಂದು ಸಲ ಮೇಲೆ ನರಳಿದಂಥ ಸದ್ದಾಗಿ ಇಡೀ ಒಡಲು ಒಂದಂಗುಲ ಇಳಿಯಿತು. ಚಾಕ್‌ಗಳು ಕಿರುಗುಟ್ಟಿ, ಬಾಗಿಲುಗಳು ಸ್ವಲ್ಪ ಹೂತು, ಭಾರ ನಿಂತಿತು.

"ಮುದುಕಿ ಕೂತ್ಕೊಂಡ್ಳು," ಎಂದ ವೆಂಕಟರತ್ನಂ. "ಇನ್ನು ಅಲ್ಲಾಡೋಲ್ಲ. ನೀವು ತೋಡಿ."

ಹನ್ನೊಂದು ಐವತ್ತಕ್ಕೆ ಅವನ ಕಾಲು ಸಡಿಲವಾಗಿ ನಾನು ತೋಡಿದ ಗುಳಿಗೆ ಇಳಿಯಿತು. ಡಾಕ್ಟರರು ಹೇಳಿದ ಗಂಟೆಗಿಂತ ಐದು ನಿಮಿಷ ಹೆಚ್ಚೇ ಆಗಿತ್ತು. ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡು, ಹೊರಗಿದ್ದ ಆರೋಗ್ಯಂ ಕೈಗೆ ಕೊಟ್ಟೆ. ಡಾಕ್ಟರರು ಮೊಣಕಾಲೂರಿ ಅವನ ಪಾದ ಮುಟ್ಟಿ, ಹೆಬ್ಬೆರಳು ಹಿಸುಕಿ ನೋಡಿದರು. ಬೆರಳಿಗೆ ರಕ್ತ ಮರಳುವುದನ್ನು ಕಂಡು ಗರಗಸದ ಪೆಟ್ಟಿಗೆಯ ಮುಚ್ಚಳ ಹಾಕಿದರು. ಪೈಲಟ್ ಬಂದು ಸ್ಟ್ರೆಚರಿನ ಪಕ್ಕ ನೆಲದಲ್ಲೇ ಕೂತ. ಮುನಿಯಮ್ಮ ಮಜ್ಜಿಗೆ ತಂದು, ಮೊದಲು ಮೆಕ್ಯಾನಿಕ್‌ಗೆ ಎರಡು ಗುಟುಕು ಕುಡಿಸಿ, ಆಮೇಲೆ ಅದೇ ಚೆಂಬನ್ನು ನನಗೆ ಚಾಚಿದಳು.

"ಕುಡಿಯಣ್ಣ. ಮಣ್ಣಿನ ಗೊಂಬೆ ಆಗೋಗಿದ್ದೀಯಾ," ಎಂದಳು. ಎಲ್ಲರೂ ನಕ್ಕರು, ಸ್ಟ್ರೆಚರಿನ ಮೇಲಿದ್ದವನೂ ಸೇರಿ.

ಎರಡು ದಿನ ಬಿಟ್ಟು, ವಿಮಾನವನ್ನು ಬಿಚ್ಚಿ ಸಾಗಿಸಿದ ಮೇಲೆ, ನಾವು ತಂಡದವರೇ ಹೋಗಿ ಒಂಬತ್ತು ಬಾಗಿಲುಗಳನ್ನು ತೊಳೆದು, ಮನೆಮನೆಗೆ ಕೂರಿಸಿ ಬಂದೆವು. ಎರಡು ಬಿರುಕು ಬಿಟ್ಟಿದ್ದವು, ಗಣಿಯ ಬಡಗಿ ಹೊಸದಾಗಿ ಮಾಡಿಕೊಟ್ಟ. ವೆಂಕಟರತ್ನಂ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ. ಕೊಂಚ ಕುಂಟುತ್ತಿದ್ದ, ಆದರೆ ಎರಡೂ ಕಾಲು ಅವನವೇ. ಊರಿಗೆ ಹೊರಡುವ ಮುಂಚೆ ನಮ್ಮ ರೆಸ್ಕ್ಯೂ ಸ್ಟೇಷನ್ನಿಗೆ ಬಂದು, ಅಭ್ಯಾಸಕ್ಕೆ ಕಟ್ಟಿಟ್ಟಿದ್ದ ಚಾಕ್‌ಗಳನ್ನು ತಟ್ಟಿ ತಟ್ಟಿ ನೋಡಿ, ಒಂದರ ಮೂಲೆ ಸರಿಯಾಗಿ ಕೂತಿಲ್ಲ ಎಂದು ತೋರಿಸಿಕೊಟ್ಟ. ಅವನು ಹೇಳಿದ್ದು ಸರಿಯಾಗಿತ್ತು.

ಮುಂದೆ ಹೊಸಬರಿಗೆ ರೆಸ್ಕ್ಯೂ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಅವರು ಜಾಕ್, ಹಗ್ಗ, ಉಸಿರಾಟದ ಯಂತ್ರ ನೋಡುವ ಆಸೆಯಿಂದ ಬರುತ್ತಿದ್ದರು. ನಾನು ಅವರಲ್ಲಿ ಒಬ್ಬನನ್ನು ಮರದ ರಾಶಿಯ ಕೆಳಗೆ ಮಲಗಿಸಿ, ಉಳಿದವರನ್ನು ಬಿಡಿಸಲು ಹೇಳುತ್ತಿದ್ದೆ. ಎಲ್ಲರೂ ನೇರವಾಗಿ ಮರಕ್ಕೆ ಕೈ ಹಾಕುತ್ತಿದ್ದರು. ಕೈ ತೆಗೆಯಿರಿ ಎನ್ನುತ್ತಿದ್ದೆ. ಕೆಳಗಿರುವವನು ಅಸಹಾಯಕ ಎಂದುಕೊಂಡು ನಾವು ಅವನ ತಲೆಯ ಮೇಲೆಯೇ ಮಾತಾಡಿಕೊಳ್ಳುತ್ತೇವೆ. ಭಾರ ಎಲ್ಲಿ ಕೂತಿದೆ ಎನ್ನುವುದು ಅವನ ಮೈಗೆ ಗೊತ್ತಿರುತ್ತದೆ. ಮಂಡಿಯೂರಿ, ಅವನ ಮುಖದ ಹತ್ತಿರಕ್ಕೆ ಹೋಗಿ, ಮೊದಲು ಅವನನ್ನು ಕೇಳಿ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಮತ್ತು ಇದರಿಂದ ಉಳಿದ ಜೀವಗಳು ಕೆಲವು ಈಗಲೂ ಉರಿಗಾಂ ಬೀದಿಯಲ್ಲಿ ಸಿಕ್ಕಾಗ ನಿಂತು ಮಾತಾಡಿಸಿ ಹೋಗುತ್ತವೆ.