ಮೊಳೆಗೆ ತೂಗುಹಾಕಿದ್ದ ಬೋಗುಣಿ

ದೆವ್ವ ಕಂಡೆ, ಗಾಳಿ ಸೋಕಿತು ಎಂದು ಹೇಳುವವರು ಸಿಕ್ಕರೆ ನಾನು ಸುಮ್ಮನೆ ಬಿಡುವವನಾಗಿರಲಿಲ್ಲ. ಎಷ್ಟು ಗಂಟೆಗೆ, ಬೆಳಕಿತ್ತೇ, ಊಟವಾಗಿತ್ತೇ ಎಂದು ವಕೀಲನ ಹಾಗೆ ಒಂದೊಂದೇ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ರಸಾಯನಶಾಸ್ತ್ರ ಓದಿದ್ದೆನಲ್ಲ, ಸ್ವಲ್ಪ ಜಂಬವೂ ಇತ್ತು. ಈಗ ನನ್ನನ್ನೇ ಯಾರಾದರೂ ಹಾಗೆ ಕೇಳಿದರೆ ಅಷ್ಟಕ್ಕೆ ಉತ್ತರ ಹೇಳಬಲ್ಲೆ. ಶುಕ್ರವಾರ ಮಧ್ಯಾಹ್ನ, ಟ್ಯೂಬ್‌ಲೈಟು ಉರಿಯುತ್ತಿತ್ತು, ಊಟ ಆಗಿರಲಿಲ್ಲ. ಉಳಿದದ್ದು ನನಗೂ ಗೊತ್ತಿಲ್ಲ.

ಎರಡು ಸಾವಿರದ ಹದಿನೈದರ ಆಸುಪಾಸು. ಕೊಲ್ಲಿ ದೇಶದಲ್ಲಿ, ದೇರಾದ ಚಿನ್ನದ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಒಡವೆ ವರ್ಕ್‌ಶಾಪ್ ಇತ್ತು. ಅಲ್ಲಿ ನನ್ನ ಕೆಲಸ ಕಸದಿಂದ ಚಿನ್ನ ತೆಗೆಯುವುದು. ನೆಲ ಗುಡಿಸಿದ ಧೂಳು, ಕೈ ಒರೆಸಿದ ಬಟ್ಟೆ, ಕೆಲಸಗಾರರ ಕಾಲಡಿಯ ಚಾಪೆ ಎಲ್ಲವನ್ನೂ ಸುಟ್ಟು, ಪುಡಿ ಮಾಡಿ, ತೊಳೆಯಬೇಕು. ಕೈ ತೊಳೆದ ನೀರು ಕೂಡ ಚರಂಡಿಗೆ ಹೋಗುತ್ತಿರಲಿಲ್ಲ. ಬೇಸಿನ್ನಿನ ಕೆಳಗಿನ ಡ್ರಮ್ಮಿನಲ್ಲಿ ನಿಂತು ಕೆಸರಾಗುತ್ತಿತ್ತು.

ಈ ವಿದ್ಯೆ ನನಗೆ ಕಾಲೇಜಿನಲ್ಲಿ ಬಂದದ್ದಲ್ಲ. ನನ್ನ ತಾಯಿಯ ತವರಿನವರು ಕಪ್ಪತಗುಡ್ಡದ ಬುಡದ ಜಾಲಗಾರರು. ಮಳೆಗಾಲ ಮುಗಿದ ಮೇಲೆ ಹಳ್ಳದ ಮರಳು ತೊಳೆದು ಚಿನ್ನದ ಪುಡಿ ಹಿಡಿಯುವುದು ಅವರ ಕಸುಬು. ನಾನು ಹುಟ್ಟುವ ಹೊತ್ತಿಗೆ ಕಸುಬು ಸತ್ತಿತ್ತು, ಆದರೂ ಅಜ್ಜಿ ಆಟಕ್ಕೆಂದು ಮರಿಗೆ ಎಂಬ ಮರದ ಬೋಗುಣಿಯನ್ನು ಕೈಗೆ ಕೊಟ್ಟು ಕಲಿಸಿದ್ದಳು. ಮರಳು, ನೀರು ತುಂಬಿಕೊಂಡು ಮೂರು ಸುತ್ತು ತಿರುಗಿಸಿ, ಮುಂದಕ್ಕೆ ಒಂದು ಜಗ್ಗು. ಪ್ರತಿ ಜಗ್ಗಿಗೂ ಹಗುರ ಮರಳು ಹೊರಗೆ ಹೋಗಿ, ಕೊನೆಗೆ ಕರಿಮರಳಿನ ತುದಿಯಲ್ಲಿ ಹಳದಿ ಗೆರೆ ಉಳಿಯುತ್ತದೆ. ಅದಕ್ಕೆ ಪಾದರಸ ಸೇರಿಸಿ ಉಂಡೆ ಕಟ್ಟಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದರೆ ಚಿನ್ನ. ಮಣ್ಣಿನಲ್ಲಿ ಜಿಡ್ಡಿದ್ದರೆ ಚಿನ್ನದ ಪುಡಿ ಮುಳುಗದೆ ತೇಲಿಹೋಗುತ್ತದೆಂದು ಮೊದಲು ಅಂಟವಾಳಕಾಯಿಯ ನೊರೆನೀರು ಹಾಕುವಳು. ನಾನು ಅವಸರ ಮಾಡಿದರೆ ಮಣಿಕಟ್ಟಿಗೆ ಒಂದು ಏಟು ಬೀಳುತ್ತಿತ್ತು.

ನಮ್ಮ ಸೇಠರು ಎಲ್ಲಿಂದಲೋ ಎರಡು ಹಸಿರು ಪ್ಲಾಸ್ಟಿಕ್ ಬೋಗುಣಿ ತರಿಸಿದ್ದರು. ಹಿಂದೆ ಅಮೆರಿಕದಲ್ಲಿ ಚಿನ್ನದ ಹುಚ್ಚು ಹಿಡಿದು ಹೊಳೆಗೆ ಬಿದ್ದವರ ತಗಡಿನ ಬೋಗುಣಿಯದೇ ಆಕಾರವಂತೆ. ಭಾರದ ಪುಡಿ ತಡೆದು ನಿಲ್ಲಲೆಂದು ಒಂದು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಗೀರುಗಳಿದ್ದವು. ಅವರೂ ಹೀಗೇ ಸುತ್ತುತ್ತಿದ್ದರು, ಅವರೂ ಪಾದರಸವನ್ನೇ ನಂಬಿದ್ದರು ಎಂದು ಓದಿದಾಗ ನನಗೆ ನಗು ಬಂದಿತ್ತು. ಒಂದು ಬೋಗುಣಿ ನಾನು ಬಳಸುತ್ತಿದ್ದೆ. ಇನ್ನೊಂದು ಬೋಗುಣಿ ಬಾಗಿಲ ಕಡೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಆ ಬುಧವಾರ ಸಂಜೆ ದಯಣ್ಣನಿಗೆ ಕೊಟ್ಟಿದ್ದ ಚಿನ್ನದ ತೂಕ ಕಮ್ಮಿ ಬಂತು. ದಯಣ್ಣ ಉಡುಪಿ ಕಡೆಯ ಆಚಾರಿ, ಐವತ್ತು ದಾಟಿದವನು, ನಮ್ಮಲ್ಲಿ ಎಲ್ಲರಿಗಿಂತ ಹಳಬ. ಅರದಿಂದ ಉಜ್ಜಿದಾಗ ಉದುರಿದ ಚಿನ್ನದ ಪುಡಿಯನ್ನು ಒಂದು ಬಟ್ಟಲಲ್ಲಿ ಇಟ್ಟಿದ್ದ. ಅದಕ್ಕೆ ಪಾಲಿಶ್ ಮೇಣ ಮೆತ್ತಿತ್ತೆಂದು ತೊಳೆಯಲು ಹೋಗಿ, ಬಟ್ಟಲು ಕೈಜಾರಿ ಬೇಸಿನ್ನಿಗೆ ಬಿತ್ತು ಎಂದ. ಯಾರೂ ನೋಡಿರಲಿಲ್ಲ. ಸೇಠರು ಕೂಗಾಡಲಿಲ್ಲ. ಡ್ರಮ್ಮು ತೊಳೆದು ನೋಡು, ಶನಿವಾರದೊಳಗೆ ಸಿಗದಿದ್ದರೆ ಖಲಾಸ್ ಎಂದು ನನಗೆ ಹೇಳಿದರು. ಖಲಾಸ್ ಎಂದರೆ ಪೊಲೀಸು, ಆಮೇಲೆ ವೀಸಾ ರದ್ದು.

"ನಾನು ಮುಟ್ಟಲಿಲ್ಲ ಮಾರಾಯಾ," ಎಂದ ದಯಣ್ಣ. "ನೀನಾದ್ರೂ ಸರೀ ನೋಡು."

"ನೋಡ್ತೀನಿ ತಗೋ ದಯಣ್ಣ," ಎಂದೆ. ಆದರೆ ಮನಸ್ಸಿನಲ್ಲಿ ಅವನೇ ಕದ್ದಿದ್ದಾನೆ ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವನ ಮಗಳ ಮದುವೆ ಗೊತ್ತಾಗಿತ್ತು. ಅಷ್ಟು ಸಾಕಾಗಿತ್ತು ನನಗೆ.

ಶುಕ್ರವಾರ ರಜೆ. ಚಿನ್ನವಿರುವ ಜಾಗವಾದ್ದರಿಂದ ಪಠಾಣ ಕಾವಲುಗಾರ ನನ್ನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ನಮಾಜಿಗೆ ಹೋದ. ಕೆಲಸದ ಮೇಜುಗಳ ಮೇಲೆ ಕ್ಯಾಮೆರಾ ಇತ್ತು. ಬೇಸಿನ್ನಿನ ಮೂಲೆ ಅದಕ್ಕೆ ಕಾಣುತ್ತಿರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಕೂತು ಮೂರು ಬಕೆಟ್ ಕೆಸರು ತೊಳೆದೆ. ಸರಿಯಾಗಿ ತೊಳೆಯಲಿಲ್ಲ, ಅದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಸೋಪಿನ ನೀರು ಹಾಕಲಿಲ್ಲ. ಎರಡು ಸುತ್ತು, ಒಂದು ಜಗ್ಗು. ಇಲ್ಲದ ಚಿನ್ನಕ್ಕೆ ಮೂರನೆಯ ಸುತ್ತು ಯಾಕೆ ಎಂಬ ಭಾವ. ತೊಳೆದು ಬಿಟ್ಟ ಕೆಸರನ್ನು ಬೆನ್ನ ಹಿಂದಿದ್ದ ನೀಲಿ ಟಬ್ಬಿಗೆ ಸುರಿಯುತ್ತಾ ಹೋದೆ. ಕೊನೆಗೆ ಉಳಿದದ್ದು ಒಂದು ಚಿಟಿಕೆಯೂ ಇಲ್ಲ. ಬೋಗುಣಿ ಕೆಳಗಿಟ್ಟು, ಕೈ ಒರೆಸಿಕೊಂಡು, ಡ್ರಮ್ಮಿನಲ್ಲಿ ಇಲ್ಲ ಎಂದು ಸೇಠರಿಗೆ ಮೆಸೇಜ್ ಬರೆಯತೊಡಗಿದೆ.

ಆಗ ಹಿಂದೆ ಸದ್ದು ಕೇಳಿಸಿತು.

ಬೋಗುಣಿಯಲ್ಲಿ ನೀರು, ಮರಳು ಸುತ್ತುವ ಸದ್ದು. ಮೊದಲು ನಲ್ಲಿ ಇರಬೇಕು ಎಂದುಕೊಂಡೆ. ನಲ್ಲಿ ನನ್ನ ಕಣ್ಣೆದುರೇ ಇತ್ತು, ಒಣಗಿತ್ತು. ಸದ್ದು ನಿಲ್ಲಲಿಲ್ಲ. ಸರ್, ಸರ್, ಸರ್, ಆಮೇಲೆ ಒಂದು ಜಗ್ಗು, ನೀರು ಟಬ್ಬಿಗೆ ಬೀಳುವುದು. ನಾನೇ ಮಾಡಿದ ಸದ್ದು ಕಿವಿಯಲ್ಲಿ ಉಳಿದಿದೆ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆದರೆ ನಾನು ಸುತ್ತಿದ್ದು ಎರಡೇ ಸುತ್ತು. ಅಲ್ಲಿ ಮೂರು ಆಗುತ್ತಿತ್ತು.

ಹೆದರಿಕೆ ಎಂದರೆ ಏನೆಂದು ಅವತ್ತು ತಿಳಿಯಿತು. ತಿರುಗಬೇಕೆಂದರೂ ಕತ್ತು ತಿರುಗಲಿಲ್ಲ. ಬಾಗಿಲಿಗೆ ಹೋಗಬೇಕಾದರೆ ಟಬ್ಬಿನ ಪಕ್ಕದಲ್ಲೇ ದಾಟಬೇಕು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಕೊನೆಗೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಗೋಡೆಗೆ ಬೆನ್ನು ಒತ್ತಿ ಅಡ್ಡಡ್ಡ ಸರಿದೆ. ನಡುವಿನಲ್ಲಿ ನನ್ನ ಪಾದದ ಮೇಲೆ ತಣ್ಣೀರು ಸಿಡಿಯಿತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಬಾಗಿಲಿಗೆ ಹೋಗಿ ಎರಡೂ ಕೈಯಿಂದ ಬಡಿದೆ. ಕಾವಲುಗಾರನ ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಹೊರಗೆ ಮಸೀದಿಯ ಧ್ವನಿವರ್ಧಕದಲ್ಲಿ ಪ್ರವಚನ ನಡೆದಿತ್ತು, ಒಳಗೆ ಆ ಮೂರು ಸುತ್ತು. ಆಮೇಲೆ ಸದ್ದು ನಿಂತಿತು. ನಿಂತ ಮೇಲೆ ನನಗೆ ಇನ್ನೂ ಹೆಚ್ಚು ಭಯವಾಯಿತು, ಯಾಕೆಂದರೆ ಕೆಲಸ ಮುಗಿಸಿದವರು ಏಳುತ್ತಾರೆ.

ಬೀಗ ತೆಗೆದ ಪಠಾಣ ನನ್ನ ಮುಖ ನೋಡಿ "ಕ್ಯಾ ಹುವಾ ಭಾಯ್?" ಎಂದ. ನಾನು ಅವನ ತೋಳು ಹಿಡಿದುಕೊಂಡೇ ಒಳಗೆ ಹೋದೆ. ಮೊಳೆಯಲ್ಲಿ ಬೋಗುಣಿ ಇರಲಿಲ್ಲ. ಅದು ಟಬ್ಬಿನ ಅಂಚಿನ ಮೇಲೆ ಓರೆಯಾಗಿ ಕೂತಿತ್ತು. ಅದರಲ್ಲಿದ್ದ ನೀರು ಇನ್ನೂ ತುಳುಕಾಡುತ್ತಿತ್ತು. ತಳದಲ್ಲಿ ಹೆಬ್ಬೆರಳಗಲದ ಹಳದಿ ಗೆರೆ, ಅದರ ಸುತ್ತ ಸಣ್ಣ ನೊರೆ. ಬಗ್ಗಿ ಮೂಸಿದೆ. ಅಂಟವಾಳಕಾಯಿಯ ವಾಸನೆ.

"ಮಿಲ್ ಗಯಾ! ಮುಬಾರಕ್!" ಎಂದು ಪಠಾಣ ನನ್ನ ಬೆನ್ನು ತಟ್ಟಿದ. ವಾಸನೆ ಬರುತ್ತಿದೆಯೇ ಎಂದು ಅವನನ್ನು ಕೇಳಿದೆ. ಅವನಿಗೆ ನೆಗಡಿಯಾಗಿತ್ತು.

ತೂಗಿದಾಗ ದಯಣ್ಣನ ಲೆಕ್ಕದಲ್ಲಿ ಕಮ್ಮಿ ಬಂದಿದ್ದ ತೂಕಕ್ಕೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಶನಿವಾರ ಬೆಳಿಗ್ಗೆ ಸೇಠರು ಎಲ್ಲರೆದುರು ಅವನ ಕ್ಷಮೆ ಕೇಳಿದರು. ದಯಣ್ಣ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ನನಗೆ ಕೈ ಎಳೆದುಕೊಳ್ಳಬೇಕು ಅನಿಸಿತು, ಎಳೆದುಕೊಳ್ಳಲಿಲ್ಲ.

ಲೆಕ್ಕಾಚಾರ ಎಷ್ಟು ಹಾಕಿದರೂ ಕೂಡುವುದಿಲ್ಲ. ಹಸಿವು, ಸೆಕೆ, ಮೈಮರೆತು ನಾನೇ ಎರಡನೆಯ ಸಲ ತೊಳೆದೆನೇ? ಇರಬಹುದು. ಆದರೆ ಆ ವರ್ಕ್‌ಶಾಪಿನ ಒಂದೊಂದು ಕಪಾಟನ್ನೂ ಹುಡುಕಿದೆ, ಅಂಟವಾಳಕಾಯಿ ಸಿಗಲಿಲ್ಲ. ಅಜ್ಜಿ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಅವಳೇ ಬಂದಳು ಎಂದು ನಾನು ಹೇಳುತ್ತಿಲ್ಲ. ಹಾಗೆ ನಂಬಿದರೆ ಬಹುಶಃ ಭಯ ಕಡಿಮೆಯಾಗುತ್ತಿತ್ತು. ಇವತ್ತಿಗೂ ಮನೆಯವಳು ಅಕ್ಕಿ ತೊಳೆಯುವ ಸದ್ದು ಕೇಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ದಯಣ್ಣ ಈಗ ಊರಲ್ಲಿದ್ದಾನೆ. ಪ್ರತಿ ಚೌತಿಗೆ ಫೋನು ಮಾಡಿ, ನೀನು ಇಲ್ಲದಿದ್ದರೆ ನಾನು ಕಳ್ಳನಾಗಿಯೇ ಉಳಿಯುತ್ತಿದ್ದೆ ಎನ್ನುತ್ತಾನೆ. ಹೋದ ವರ್ಷ ತಡೆಯಲಾಗಲಿಲ್ಲ.

"ದಯಣ್ಣ, ಅದನ್ನ ತೊಳದಾಂವ ನಾ ಅಲ್ಲ," ಎಂದೆ.

ಅವನು ನಕ್ಕ. "ಎಂತ ಮಾರಾಯಾ ನೀನು! ಒಳಗೆ ನೀನೊಬ್ಬನೇ ಅಲ್ವಾ ಇದ್ದದ್ದು?"

ಹೌದು, ನಾನೊಬ್ಬನೇ ಇದ್ದೆ ಎಂದೆ.